ಎಡಗಡೆಯ ಹಗ್ಗ

ನಮ್ಮ ಕುದುರೆ ಬಾದಶಾನ ಎಡಗಣ್ಣು ಕಾಣುವುದಿಲ್ಲ ಎಂಬುದು ಬಬಲೇಶ್ವರದ ಮದುವೆಗೆ ಹನ್ನೊಂದು ದಿನ ಮೊದಲೇ ನನಗೆ ಗೊತ್ತಿತ್ತು. ತಮ್ಮನಿಗೆ ನಾನು ಹೇಳಲಿಲ್ಲ. ಬರೀ ಹೇಳದೆ ಬಿಟ್ಟಿದ್ದರೆ, ಮರೆತೆ ಅಂತಲೋ ಧೈರ್ಯ ಸಾಲಲಿಲ್ಲ ಅಂತಲೋ ಇಷ್ಟು ಹೊತ್ತಿಗೆ ಸಮಾಧಾನ ಮಾಡಿಕೊಂಡಿರುತ್ತಿದ್ದೆ. ಗೊತ್ತಿದ್ದೂ ಅವನ ಕೈಗೆ ಎಡಗಡೆಯ ಹಗ್ಗ ಕೊಟ್ಟೆ. ಕಲಿತದ್ದು ಆರನೆಯ ಇಯತ್ತೆ, ಬರೆಯುವ ರೂಢಿ ಇಲ್ಲ. ಆದದ್ದನ್ನು ಆದ ಹಾಗೆ ಒಂದರ ಹಿಂದೆ ಒಂದು ಬರೆಯುತ್ತೇನೆ.

ವಿಜಯಪುರದಲ್ಲಿ ಹಳೆಯ ಟಾಂಗಾ ನಿಲ್ಲುವ ಜಾಗದ ಹಿಂದೆ ನಮ್ಮ ಮನೆ. ಟಾಂಗಾ ಅಪ್ಪನ ಕಾಲಕ್ಕೇ ಮುಗಿಯಿತು. ನಾವಿಬ್ಬರು ಮದುವೆಗಳಿಗೆ ಕುದುರೆ ಒಯ್ಯುತ್ತೇವೆ. ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವ ಮೊದಲು ಮದುಮಗ ಹಣಮಪ್ಪನ ಗುಡಿಗೆ ಹೋಗಿ ಬರಬೇಕಲ್ಲ, ಆ ಮೆರವಣಿಗೆಗೆ. ಕುದುರೆಯ ಬಾಯಿಯ ಎರಡೂ ಬದಿಗೆ ಒಂದೊಂದು ಹಗ್ಗ, ಹಗ್ಗಕ್ಕೊಬ್ಬ ಮನುಷ್ಯ. ಎಡಗಡೆಯದು ಯಾವಾಗಲೂ ಹಿರಿಯನ ಹಗ್ಗ. ಜೀನು ಹಾಕುವುದು, ಹತ್ತಿಸುವುದು, ಇಳಿಸುವುದು ಎಲ್ಲ ಎಡಗಡೆಯಿಂದ. ಕುದುರೆ ಮಾತು ಕೇಳುವುದೂ ಆ ಕಡೆಯವನದೇ. ಬಲಗಡೆಯವನು ಜೊತೆಗಿರುತ್ತಾನೆ, ಅಷ್ಟೆ. ಅಪ್ಪ ಎಡಕ್ಕೆ ನಿಂತು ನನ್ನನ್ನು ಬಲಕ್ಕೆ ನಿಲ್ಲಿಸುತ್ತಿದ್ದ. ಅಪ್ಪ ಹೋದ ಮೇಲೆ ನಾನು ಎಡಕ್ಕೆ ಬಂದೆ, ತಮ್ಮ ಬಲಕ್ಕೆ.

ನಮ್ಮಲ್ಲಿ ಆಗ ಇದ್ದದ್ದು ಚಿಗರಿ ಎಂಬ ಹೆಣ್ಣು ತಟ್ಟು, ಗಿಡ್ಡ ಜಾತಿಯ ಕುದುರೆ. ಭೀಮಥಡಿ ತಳಿ, ಅಂದರೆ ಭೀಮಾ ನದಿಯ ದಂಡೆಯದು. ಎತ್ತರ ನನ್ನ ಎದೆಯ ಮಟ್ಟ. ಮಣ್ಣಿನ ಬಣ್ಣ, ಬೆನ್ನಿನ ಮೇಲೆ ಕುತ್ತಿಗೆಯಿಂದ ಬಾಲದವರೆಗೆ ಕರಿ ಗೆರೆ. ಬಾದಶಾಹಿ ಕಾಲದಲ್ಲಿ ಅರಬಸ್ತಾನದಿಂದ ಹಡಗು ಹತ್ತಿ ಬಂದ ಕುದುರೆಗಳು ಈ ಸೀಮೆಯ ತಟ್ಟುಗಳ ಜೊತೆ ಕೂಡಿ ಆದ ತಳಿ ಇದು, ಮರಾಠಿ ದಂಡಿನವರು ಗುಡ್ಡ ಹತ್ತಿ ಇಳಿದದ್ದು ಇವುಗಳ ಮೇಲೆಯೇ ಎಂದು ಅಪ್ಪ ಹೇಳುತ್ತಿದ್ದ. ನಿಜವೋ ಸುಳ್ಳೋ ಆತನಿಗೆ ಗೊತ್ತು. ನಾನು ಕಂಡದ್ದು ಇಷ್ಟು: ಗೊರಸು ಕಲ್ಲಿನ ಹಾಗೆ ಗಟ್ಟಿ, ನಾಲು, ಅಂದರೆ ಲಾಳ, ಬಿದ್ದರೂ ಕುಂಟುವುದಿಲ್ಲ. ಬರೀ ಜೋಳದ ಕಣಿಕೆ ತಿಂದು ಹತ್ತು ಹರದಾರಿ ನಡೆಯುತ್ತದೆ. ಕಿವಿಯ ಹತ್ತಿರ ಪಟಾಕಿ ಸಿಡಿದರೆ ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತದೆ, ಮುಗಿಯಿತು.

ಆದರೆ ಮದುವೆಯವರಿಗೆ ಚಿಗರಿ ಬೇಡವಾಯಿತು. ಮೊಬೈಲಿನಲ್ಲಿ ಬೇರೆ ಊರಿನ ಮೆರವಣಿಗೆ ನೋಡುತ್ತಾರೆ. ಎತ್ತರದ ಬಿಳಿ ಕುದುರೆ ಬೇಕು. ತಿಕೋಟಾದ ಒಬ್ಬ ದ್ರಾಕ್ಷಿ ತೋಟದವರು ನಮ್ಮ ಮುಖಕ್ಕೇ ಅಂದರು, "ಇದೇನ್ ಕುದುರಿಯೋ ಕತ್ತಿಯೋ? ನಮ್ಮ ಹುಡುಗನ ಕಾಲು ನೆಲಕ್ಕ ಬಡೀತಾವಲೋ." ತಮ್ಮ ನಕ್ಕುಬಿಟ್ಟ. ನನಗೆ ನಗಲು ಆಗಲಿಲ್ಲ.

ನದಿಯಾಚೆಯ ಕುದುರೆ ಬಜಾರಕ್ಕೆ ನಾನೊಬ್ಬನೇ ಹೋದೆ. ಅಲ್ಲಿ ಎಲ್ಲ ದೇಶದವೂ ಇದ್ದವು. ಕಾಠಿಯಾವಾಡಿಗಳು, ಕಿವಿ ನಿಮಿರಿಸಿದರೆ ಎರಡೂ ತುದಿ ಒಂದಕ್ಕೊಂದು ತಾಗುವಂಥವು, ಹಣೆ ಅಗಲ, ಮೂತಿ ಸಣ್ಣದು. ರೇಸಿನಿಂದ ಹೊರಗೆ ಬಿದ್ದ ಉದ್ದ ಕಾಲಿನವು, ಚರ್ಮ ತೆಳು, ಒಂದು ಕಡೆ ನಿಲ್ಲಲಾರವು. ಮಾರವಾಡಿಗಳು, ಮರುಭೂಮಿಯ ತಳಿ, ಕುತ್ತಿಗೆ ಎತ್ತಿಯೇ ನಡೆಯುವವು. ಅವುಗಳಲ್ಲೇ ನುಕ್ರಾ ಎಂಬುವು ಒಂದು ಬಗೆ. ಬೇರೆ ಬಿಳಿ ಕುದುರೆಗಳು ಹುಟ್ಟುವಾಗ ಕಪ್ಪಗೆ ಇದ್ದು ವಯಸ್ಸಾದಂತೆ ಬೆಳ್ಳಗಾಗುತ್ತವೆ, ಕೂದಲ ಕೆಳಗಿನ ಚರ್ಮ ಕರಿದೇ ಉಳಿಯುತ್ತದೆ. ನುಕ್ರಾ ಹುಟ್ಟುವಾಗಲೇ ಬಿಳಿ, ಚರ್ಮ ಗುಲಾಬಿ, ಮೂತಿ ಮತ್ತು ಕಣ್ಣಿನ ಸುತ್ತ ಕೂಸಿನ ಅಂಗಾಲಿನ ಬಣ್ಣ. ಕೆಲವಕ್ಕೆ ಒಂದು ಕಣ್ಣು ನೀಲಿ ಬಿಳುಪು ಇರುತ್ತದೆ. ಅದಕ್ಕೆ ನಾವು ಗಾಜುಗಣ್ಣು ಎನ್ನುತ್ತೇವೆ. ಬಾದಶಾ ಅಂಥ ನುಕ್ರಾ. ಬಲಗಣ್ಣು ಕರಿದು, ಎಡಗಣ್ಣು ಗಾಜು.

ನೋಡಬೇಕಾದ್ದನ್ನೆಲ್ಲ ನೋಡಿದೆ. ಹಲ್ಲು ನೋಡಿ ಆರು ವರ್ಷ ಎಂದುಕೊಂಡೆ. ಗೊರಸು ಬಡಿದು ಸಪ್ಪಳ ಕೇಳಿದೆ. ಕಲ್ಲು ನೆಲದ ಮೇಲೆ ಓಡಿಸಿದೆ. ಮೈಮೇಲಿನ ಸುಳಿಗಳನ್ನು ಬೆರಳಿಟ್ಟು ಎಣಿಸಿದೆ, ಒಂದೂ ಕೆಟ್ಟದ್ದಿರಲಿಲ್ಲ. ಕಣ್ಣಿನ ವಿಷಯಕ್ಕೆ ಬಂದಾಗ ದಲಾಲಿ ತನ್ನ ಹೆಗಲ ಮೇಲಿನ ಟಾವೆಲ್ ತೆಗೆದು ಗಾಜುಗಣ್ಣಿನ ಮುಂದೆ ಝಾಡಿಸಿದ. ಕುದುರೆ ರೆಪ್ಪೆ ಮುಚ್ಚಿತು. "ನೋಡ್ರಿ, ನೊಣಾ ಹಾರಿದ್ರೂ ತಿಳೀತೈತಿ ಇದಕ್ಕ" ಎಂದ. ನಾನು ತಲೆಯಾಡಿಸಿದೆ. ಟಾವೆಲ್ ಬೀಸಿದರೆ ಗಾಳಿ ಬರುತ್ತದೆ, ಗಾಳಿ ಬಡಿದರೆ ಕುರುಡುಗಣ್ಣಿನ ರೆಪ್ಪೆಯೂ ಮುಚ್ಚುತ್ತದೆ. ಇದು ಅಪ್ಪ ಹೇಳಿಕೊಟ್ಟದ್ದೇ. ಆದರೆ ನನ್ನ ಕಣ್ಣು ಆಗ ಕುದುರೆಯ ಕುತ್ತಿಗೆಯ ಮೇಲಿತ್ತು.

ಮನೆಗೆ ತಂದ ಮರುದಿನ ನಾಲು ಹೊಡೆಯುವ ಮುತ್ಯಾನನ್ನು ಕರೆಸಿದೆವು. ಅಪ್ಪನ ವಾರಿಗೆಯವನು. ಮುತ್ಯಾ ಕುದುರೆಯನ್ನು ಒಂದು ಸುತ್ತು ಹಾಕಿ ಗಾಜುಗಣ್ಣಿನ ಮುಂದೆ ನಿಂತ.

"ಇದನ್ನ ಯಾಕ ತಂದಿ?"

"ಯಾಕ ಮುತ್ಯಾ, ಏನಾಗೇತಿ?"

"ಗಾಜುಗಣ್ಣಿಂದು ಮನೀಗೆ ಆಗಿ ಬರಂಗಿಲ್ಲ. ನಿಮ್ಮಪ್ಪ ಇದ್ರ ಬಾಗಿಲದಾಗಿಂದನ ತಿರುಗಿಸಿ ಕಳಸ್ತಿದ್ದ."

ಓಣಿಯ ನಾಲ್ಕು ಮಂದಿ ನೋಡಲು ನಿಂತಿದ್ದರು. ನಾನು ಎಲ್ಲರಿಗೂ ಕೇಳುವ ಹಾಗೆ ಅಂದೆ, "ಮುತ್ಯಾ, ನಿನಗ ಎರಡೂ ಕಣ್ಣು ಮಂಜಾಗ್ಯಾವ, ನೀ ಯಾರ ಮನೀಗೆ ಆಗಿ ಬಂದಿ? ನಾಲು ಹೊಡಿ ಸುಮ್ನ." ಮಂದಿ ನಕ್ಕರು. ಮುತ್ಯಾ ಸುತ್ತಿಗೆ ಎತ್ತಿಕೊಂಡ. ಹಿಂಗಾಲಿನಿಂದ ಶುರು ಮಾಡಿ ಮೂರು ನಾಲು ಹೊಡೆದ. ಎಡ ಮುಂಗಾಲಿಗೆ ಬಂದಾಗ ಕುದುರೆ ಒಮ್ಮೆಲೆ ಬೆಚ್ಚಿ ಕಾಲು ಕಿತ್ತುಕೊಂಡಿತು. ಮುತ್ಯಾ ನನ್ನ ಮುಖ ನೋಡಿದ. ತಮ್ಮ ಆ ರಾತ್ರಿ ಊಟದ ಮುಂದೆ, "ಅಣ್ಣಾ, ಒಮ್ಮೆ ಡಾಕ್ಟರ್ ಕಡೆ ತೋರ್ಸೋಣಲ್ಲ?" ಎಂದ. "ನೀನೂ ಶಕುನಾ ನೋಡಾಕ ಹತ್ತಿದೇನ್ಲೇ?" ಎಂದು ಬಾಯಿ ಮುಚ್ಚಿಸಿದೆ.

ಚಿಗರಿಯನ್ನು ಜೈನಾಪುರದಲ್ಲಿ ತಮ್ಮನ ಮಾವನ ಹೊಲದ ಮನೆಗೆ ಕಳಿಸಿದೆವು. ಅದು ಹೋಗುವಾಗ ತಮ್ಮ ಊರ ಹೊರಗಿನವರೆಗೆ ನಡೆದುಕೊಂಡೇ ಬಿಟ್ಟು ಬಂದ.

ಮೊದಲ ಹತ್ತು ಹನ್ನೆರಡು ಮೆರವಣಿಗೆಗಳು ಸುಸೂತ್ರ ಆದವು. ಬಾದಶಾ ನಡೆದರೆ ಮಂದಿ ಮಾಳಿಗೆ ಹತ್ತಿ ನೋಡುತ್ತಿದ್ದರು. ಆದರೆ ಸಣ್ಣ ಸಣ್ಣವು ಕಾಣತೊಡಗಿದವು. ಬಾಗಿಲಲ್ಲಿ ಒಳಗೆ ಬರುವಾಗ ಎಡ ಪಕ್ಕೆ ಚೌಕಟ್ಟಿಗೆ ತಾಗಿ ಕೂದಲು ಉದುರಿತ್ತು. ನೀರಿನ ಹೌದದ ಹತ್ತಿರ ತಲೆ ಓರೆ ಮಾಡಿ ನಿಲ್ಲುತ್ತಿತ್ತು, ಗೋಡೆಯ ಆಚೆ ಯಾರೋ ಮಾತಾಡುವುದನ್ನು ಕೇಳುವವರ ಹಾಗೆ. ಎಡಗಿವಿ ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ, ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ. ನಡುವೆ ಐದಾರು ದಿನ ಎಡಗಣ್ಣಿನಿಂದ ನೀರು ಸುರಿದು ರೆಪ್ಪೆ ಬಾತುಕೊಂಡಿತು. ಗುಲಾಬಿ ಚರ್ಮದ ಕುದುರೆಗೆ ಬಿಸಿಲು ತಡೆಯದು ಎಂದು ನನಗೆ ನಾನೇ ಹೇಳಿಕೊಂಡೆ. ಬೆಳಗಾಗುವ ಮುಂಚೆ, ತಮ್ಮ ಏಳುವುದರೊಳಗೆ, ಉಪ್ಪುನೀರಿನಿಂದ ತೊಳೆಯುತ್ತಿದ್ದೆ. ಕಣ್ಣು ತಿಳಿಯಾಯಿತು. ತಿಂಗಳಾಗುವುದರೊಳಗೆ ಮತ್ತೆ ಬಾತಿತು. ಕರಿಗಣ್ಣಾಗಿದ್ದರೆ ಪೊರೆ ಕೂಡುವುದು ಯಾರಿಗಾದರೂ ಕಾಣುತ್ತಿತ್ತು. ಗಾಜುಗಣ್ಣು ಮೊದಲೇ ಬಿಳಿ. ಒಳಗೆ ಏನು ಬೆಳೆಯುತ್ತಿದೆಯೋ ಮೇಲಿನಿಂದ ತಿಳಿಯುವುದಿಲ್ಲ.

ಬಬಲೇಶ್ವರದ ಮದುವೆಗೆ ಹನ್ನೊಂದು ದಿನ ಇತ್ತು. ತಮ್ಮ ಹೆಂಡತಿಯನ್ನು ಕರೆದುಕೊಂಡು ಜೈನಾಪುರಕ್ಕೆ ಹೋಗಿದ್ದ. ಬಾಗಿಲು ಹಾಕಿಕೊಂಡು ನಾನೇ ಪರೀಕ್ಷೆ ಮಾಡಿದೆ. ಒಂದು ಜೋಳದ ಕಡ್ಡಿಯನ್ನು ಹಿಂದಿನಿಂದ, ಗಾಳಿ ಆಗದ ಹಾಗೆ, ಕಣ್ಣಿನ ಹತ್ತಿರ ತಂದೆ. ಬಲಗಣ್ಣು ಒಂದು ಗೇಣು ದೂರದಲ್ಲೇ ಮುಚ್ಚಿತು. ಎಡಗಣ್ಣಿನ ರೆಪ್ಪೆಯ ಕೂದಲಿಗೆ ಕಡ್ಡಿ ತಾಗುವವರೆಗೂ ಅದು ತೆರೆದೇ ಇತ್ತು. ಆಮೇಲೆ ಬಲಗಣ್ಣಿಗೆ ಟಾವೆಲ್ ಕಟ್ಟಿ, ಅಂಗಳದ ನಡುವೆ ಬಕೆಟ್ ಇಟ್ಟು ನಡೆಸಿದೆ. ಕುದುರೆ ಎರಡು ಹೆಜ್ಜೆ ಇಟ್ಟು ನಿಂತಿತು. ಮೂಗು ನೆಲಕ್ಕೆ ತಂದು ಉಸಿರು ಬಿಟ್ಟಿತು. ನಾನು ಎಳೆದೆ. ನನ್ನನ್ನು ನಂಬಿ ಬಂತು. ಬಕೆಟ್ ಉರುಳಿ ಗೋಡೆಯವರೆಗೆ ಹೋಯಿತು. ನಿಂತಲ್ಲೇ ಬಾದಶಾನ ಮೈಯೆಲ್ಲ ನಡುಗಿತು. ಟಾವೆಲ್ ಬಿಚ್ಚಿ, ಬಕೆಟ್ ಎತ್ತಿಟ್ಟು, ಚೆಲ್ಲಿದ ನೀರಿನ ಮೇಲೆ ಮಣ್ಣು ಎಳೆದೆ.

ಸಂಜೆ ತಮ್ಮ ಬಂದ. ಜೈನಾಪುರದ ಶೇಂಗಾ ತಂದಿದ್ದ. "ಚಿಗರಿ ಮೈ ತುಂಬ್ಯಾಳ ಅಣ್ಣಾ, ನನ್ನ ವಾಸನಿ ಹಿಡದು ಹೊಲದ ಆ ಬದುವಿನಿಂದ ಓಡಿ ಬಂದ್ಲು" ಎಂದ. ಆಗ ಹೇಳಬಹುದಿತ್ತು. ಬಬಲೇಶ್ವರಕ್ಕೆ ಚಿಗರಿಯನ್ನೇ ಒಯ್ಯಬಹುದಿತ್ತು. ಮದುವೆಯವರು ಬೈಯುತ್ತಿದ್ದರು, ಮುತ್ಯಾ ಓಣಿಯಲ್ಲಿ ನಗುತ್ತಿದ್ದ, ಅಷ್ಟೆ. ಆ ನಗು ನನಗೆ ಬಹಳ ದೊಡ್ಡದಾಗಿ ಕಂಡಿತು. ಶೇಂಗಾ ಸುಲಿಯುತ್ತ ನಾನು ಅಂದೆ, "ನನ್ನ ಎಡಭುಜ ಭಾಳ ನೋಯಾಕತ್ತೇತೋ. ಇನ್ನ ಮ್ಯಾಲ ಎಡಗಡೆ ಹಗ್ಗ ನೀ ಹಿಡಿ."

ತಮ್ಮ ಸುಲಿಯುವುದನ್ನು ಬಿಟ್ಟ. "ನಾ?"

"ಮತ್ತ್ಯಾರು? ನೀನೂ ಈಗ ಸಣ್ಣಾವೇನು?"

ಕಾಣದ ಕಡೆಗೆ ನಿಲ್ಲುವುದು ಎಂದರೆ ಏನು ಎಂಬುದು ನನಗೆ ಗೊತ್ತಿತ್ತು, ಕುದುರೆ ಬೆಚ್ಚಿದರೆ ಮೊದಲು ತುಳಿಯುವುದು ಆ ಕಡೆಯವನನ್ನೇ. ಅವನಿಗೆ ಗೊತ್ತಾದದ್ದು, ಅಣ್ಣ ತನಗೆ ಅಪ್ಪನ ಜಾಗ ಕೊಟ್ಟ ಎಂದು. ಒಳಗೆ ಹೋಗಿ ಹೆಂಡತಿಗೆ ಹೇಳಿದ. ಆಕೆ ಹೊರಗೆ ಬಂದು, "ಭಾವಾರ, ಇವ್ರು ನೆಲದ ಮ್ಯಾಲ ಇಲ್ರಿ ಇವತ್ತ" ಎಂದು ನಕ್ಕಳು. ಮಲಗುವ ಮುಂಚೆ ತಮ್ಮ ಎಳ್ಳೆಣ್ಣೆ ಬೆಚ್ಚಗೆ ಮಾಡಿ ತಂದು ನನ್ನ ಎಡಭುಜ ತಿಕ್ಕಿದ. "ಇಲ್ಲೇನು? ಇಲ್ಲೇನು?" ಎಂದು ಕೇಳುತ್ತ ಹೆಬ್ಬೆರಳು ಒತ್ತಿದ. ನಾನು "ಹೂಂ, ಅಲ್ಲೇ" ಎಂದೆ. ಅದಾದ ಮೇಲೆ ದಿನಾಲೂ ತಿಕ್ಕಿದ.

ನಡುವೆ ತಿಕೋಟಾದಲ್ಲಿ ಒಂದು ಮೆರವಣಿಗೆ ಇತ್ತು. ದಾರಿಯ ಬದಿಗೆ ಒಣದ್ರಾಕ್ಷಿಯ ಶೆಡ್ಡುಗಳು. ಬಾದಶಾನ ಎಡಗಣ್ಣು ಮತ್ತೆ ಸೋರುತ್ತಿತ್ತು. ತಮ್ಮ ಆ ಕಡೆಗೇ ಇದ್ದುದರಿಂದ ನೋಡಿದ. "ಅಣ್ಣಾ, ಕಣ್ಣಾಗ ಏನೋ ಆಗೇತಿ ನೋಡಿಲ್ಲಿ." ದ್ರಾಕ್ಷಿಗೆ ಕೊಡುವ ಗಂಧಕದ ಹೊಗೆ ನಮ್ಮ ಮೂಗಿಗೂ ಬಡಿಯುತ್ತಿತ್ತು. "ಗಂಧಕದ ಹೊಗಿ ಅದು. ನನ್ನ ಕಣ್ಣೂ ಉರಿಯಾಕತ್ತಾವ" ಎಂದೆ. ಅವನು ತನ್ನ ಟಾವೆಲ್‌ನಿಂದ ಕುದುರೆಯ ಕಣ್ಣು ಒರೆಸಿದ. ಆ ದಿನ ಏನೂ ಆಗಲಿಲ್ಲ. ಅದೇ ನನ್ನನ್ನು ಕೆಡಿಸಿತು. ಒಂದು ದಿನ ಆಗದಿದ್ದರೆ ಇನ್ನೊಂದು ದಿನವೂ ಆಗುವುದಿಲ್ಲ ಎಂದು ಎಣಿಸಿದೆ.

ಬಬಲೇಶ್ವರದಲ್ಲಿ ಮೆರವಣಿಗೆ ಹೊರಟಾಗ ಬೆಳಗಿನ ಹತ್ತೂವರೆ. ತಮ್ಮ ಹೊಸ ಪಟಕ ಸುತ್ತಿದ್ದ. ಮುಂದೆ ಟ್ರ್ಯಾಕ್ಟರಿನ ಮೇಲೆ ದೊಡ್ಡ ಸ್ಪೀಕರ್‌ಗಳು, ಅದರ ಹಿಂದೆ ಹಲಗೆಯವರು, ಅವರ ಹಿಂದೆ ಆರತಿ ಹಿಡಿದ ಹೆಣ್ಣುಮಕ್ಕಳು, ಆಮೇಲೆ ನಾವು. ಬಾದಶಾ ಮನೆಯಿಂದ ಹೊರಡುವಾಗಲೇ ಸರಿ ಇರಲಿಲ್ಲ. ಕಡಿವಾಣ ಕಚ್ಚುತ್ತಿತ್ತು, ಕುತ್ತಿಗೆಯ ಗುಲಾಬಿ ಚರ್ಮದ ಮೇಲೆ ಬೆವರು ನೊರೆಯಾಗಿತ್ತು. ಸ್ಪೀಕರ್ ಸಪ್ಪಳದಲ್ಲಿ ಅದರ ಎಡಗಿವಿಗೂ ಏನೂ ತಿಳಿಯುತ್ತಿರಲಿಲ್ಲ. ಆ ಬದಿಗೆ ಅದಕ್ಕೆ ಇದ್ದದ್ದು ಕಿವಿಯೊಂದೇ, ಈಗ ಅದೂ ಹೋಯಿತು. ನಾನು ಬಲಗಡೆ ನಡೆಯುತ್ತ, ಅದರ ಕರಿಗಣ್ಣು ನನ್ನನ್ನೇ ನೋಡುವುದನ್ನು ನೋಡಿದೆ. ತಮ್ಮನಿಗೆ ಕೂಗಿ ಹೇಳಬೇಕೆನಿಸಿತು. ಕೂಗಿದರೂ ಕೇಳುತ್ತಿರಲಿಲ್ಲ ಎಂದು ಈಗ ಹೇಳಬಹುದು. ನಾನು ಕೂಗಲಿಲ್ಲ.

ಗುಡಿಯ ತಿರುವಿನಲ್ಲಿ ಎಡಕ್ಕೆ ಒಂದು ಕಲ್ಲಿನ ಕಟ್ಟೆ. ಕಟ್ಟೆಯ ಬುಡದಲ್ಲಿ ಯಾರೋ ಪಟಾಕಿಯ ಸರ ಹಚ್ಚಿದರು. ಬಾದಶಾಗೆ ಮೊದಲು ತಾಗಿದ್ದು ಅದರ ಕಿಡಿ, ಹೊಟ್ಟೆಗೆ. ಎಲ್ಲಿಂದ ಬಂತು ಎಂದು ನೋಡಲು ಅದಕ್ಕೆ ಇದ್ದದ್ದು ಬಲಗಣ್ಣು ಮಾತ್ರ. ಅದಕ್ಕೇ ಇಡೀ ಮೈಯನ್ನು ಎಡಕ್ಕೆ ತಿರುಗಿಸಿತು. ಭುಜ ತಮ್ಮನಿಗೆ ಬಡಿಯಿತು, ಅವನು ಕಟ್ಟೆಗೆ ಬಿದ್ದ. ಅಲ್ಲಿ ಮನುಷ್ಯ ಇದ್ದಾನೆಂಬುದು ಕುದುರೆಗೆ ಗೊತ್ತೇ ಇಲ್ಲ. ಮುಂಗಾಲು ಎತ್ತಿ ಇಳಿಸಿತು. ಇಳಿದದ್ದು ಅವನ ಎಡ ಮೊಣಕಾಲಿನ ಮೇಲೆ. ಮದುಮಗ ಜಾರಿ ನನ್ನ ಕಡೆ ಬಿದ್ದ, ನನ್ನ ತೋಳಿಗೆ ಬಂದ, ಬಾಸಿಂಗವೂ ಮುರಿಯಲಿಲ್ಲ.

ತಮ್ಮ ಹಗ್ಗ ಬಿಡಲಿಲ್ಲ. ಬಿಟ್ಟಿದ್ದರೆ ಕುದುರೆ ಹೆಣ್ಣುಮಕ್ಕಳ ಮೇಲೆ ನುಗ್ಗುತ್ತಿತ್ತು. ಬಿದ್ದಲ್ಲಿಂದಲೇ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು, "ಹೋ ಬಾದಶಾ, ಹೋ, ಹೋ" ಎನ್ನುತ್ತಿದ್ದ. ಸ್ಪೀಕರ್ ನಿಂತ ಮೇಲೆ ಅವನ ದನಿ ಒಂದೇ ಕೇಳಿಸಿತು.

ಜಲನಗರದ ಎಲುಬಿನ ಡಾಕ್ಟರು ಎರಡು ಸಲ ಕೊಯ್ದು ಸಲಾಕೆ ಹಾಕಿದರು. ಕಾಲು ಉಳಿಯಿತು, ಆದರೆ ಮೊಣಕಾಲು ಇನ್ನು ಮಡಚುವುದಿಲ್ಲ ಎಂದರು. ಕುದುರೆಯ ಜೊತೆ ಓಡುವ ಕಾಲು ಅದು. ದನದ ಡಾಕ್ಟರಿಗೆ ನಾನು ಬಾದಶಾನನ್ನು ಒಬ್ಬನೇ ಹೋಗಿ ತೋರಿಸಿದೆ. ಕಣ್ಣಿಗೆ ಬೆಳಕು ಬಿಟ್ಟು ನೋಡಿ, "ಇದು ಬಂದು ಹೋಗಿ ಬಂದು ಹೋಗಿ ಕಣ್ಣು ತಿನ್ನುವ ಬೇನೆ. ತಿಳಿಯಾದಾಗ ಮಾರಿಬಿಡ್ತಾರ. ನಿಮಗ ಮೊದಲ ಗೊತ್ತಾಗಲಿಲ್ಲೇನು?" ಎಂದರು. "ಇಲ್ಲರಿ" ಎಂದೆ. ಮನೆಯಲ್ಲಿ ಅದನ್ನೂ ಹೇಳಲಿಲ್ಲ.

ಎರಡು ತಿಂಗಳು ತಮ್ಮ ಅಂಗಳದ ಹೊರಸಿನ ಮೇಲಿದ್ದ. ಬಂದವರ ಮುಂದೆಲ್ಲ ಹೇಳುತ್ತಿದ್ದ, "ತಪ್ಪು ನಂದರೀಪಾ. ಹಗ್ಗ ಸಡ್ಲ ಬಿಟ್ಟಿದ್ದೆ. ಅಣ್ಣ ಎಡಕ್ಕಿದ್ರ ಹಿಂಗ ಆಗ್ತಿರಲಿಲ್ಲ." ಮುತ್ಯಾ ಒಂದು ದಿನ ಬಂದ. ಶಕುನದ ಮಾತು ಆಡುತ್ತಾನೆಂದು ಕಾದೆ. ಆಡಲಿಲ್ಲ. ತಮ್ಮನ ತಲೆ ಸವರಿ, ಹೋಗುವಾಗ ಬಾಗಿಲಲ್ಲಿ ನನಗೆ ಮಾತ್ರ ಕೇಳುವ ಹಾಗೆ, "ನಿನ್ನ ಭುಜ ಹ್ಯಾಂಗೈತಿ?" ಎಂದ. ಆ ರಾತ್ರಿಯೂ ತಮ್ಮ, "ಇಲ್ಲಿ ಕುಂದರು" ಎಂದು ಹೊರಸಿನ ಮೇಲಿಂದಲೇ ಎಣ್ಣೆಯ ಬಟ್ಟಲಿಗೆ ಕೈ ಚಾಚಿದ.

ಬಾದಶಾನನ್ನು ಮಾರುವುದೆಂದು ನಾನು ತೀರ್ಮಾನಿಸಿದೆ. ಅದು ಕಣ್ಣ ಮುಂದಿನಿಂದ ಹೋದರೆ ಎಲ್ಲ ಹೋಗುತ್ತದೆ ಎಂದುಕೊಂಡೆ. ಎಡಗಣ್ಣು ತಿಳಿಯಾಗುವವರೆಗೆ ಕಾದು, ತಿಕೋಟಾ ಕಡೆಯ ಒಬ್ಬರಿಗೆ ಹೇಳಿಕಳಿಸಿದೆ. ಅದೇ, ಚಿಗರಿಯನ್ನು ಕತ್ತೆ ಎಂದವರು. ಮಗಳು ಕುದುರೆ ಹತ್ತುವುದನ್ನು ಕಲಿಯಬೇಕೆಂದು ಹಟ ಹಿಡಿದಿದ್ದಾಳೆ, ಅದಕ್ಕೆ ಬೇಕು ಎಂದರು. ಬಂದವರು ಹಲ್ಲು ನೋಡಿದರು, ಗೊರಸು ನೋಡಿದರು, ಎಲ್ಲ ನಾನು ಬಜಾರದಲ್ಲಿ ನೋಡಿದ ಹಾಗೆಯೇ.

"ಕಾಲು ತುಳದಿದ್ದು ಇದೇ ಏನು?"

"ಕುದುರೀದು ತಪ್ಪಿಲ್ಲರಿ" ಎಂದ ತಮ್ಮ ಹೊರಸಿನಿಂದ. "ಪಟಾಕಿ ಕಿಡಿ ಬಡದಿತ್ತು. ನಾ ಹಗ್ಗ ಸರಿ ಹಿಡಿಲಿಲ್ಲ."

"ಮತ್ತ ಈ ಕಣ್ಣು? ಬೆಳ್ಳಗ ಐತಲ್ಲ."

ನನ್ನ ಹೆಗಲ ಮೇಲೆ ಟಾವೆಲ್ ಇತ್ತು. ಕೈ ತಾನಾಗಿಯೇ ಅದರ ಕಡೆಗೆ ಹೋಯಿತು. ಒಮ್ಮೆ ಝಾಡಿಸಿದರೆ ಮುಗಿಯುತ್ತಿತ್ತು.

ನಾನು ಬಾಯಿ ತೆರೆಯುವುದರೊಳಗೆ ತಮ್ಮ ಅಂದ, "ಅದು ಹುಟ್ಟಾ ಗಾಜುಗಣ್ಣರಿ, ನುಕ್ರಾಕ್ಕ ಹಂಗ ಇರ್ತೈತಿ. ಕಣ್ಣು ಚಲೋ ಅದಾವ. ನಮ್ಮಣ್ಣ ಪರೀಕ್ಷಾ ಮಾಡೇ ತಂದಾನ. ಅಂವ ನೋಡಿದ ಕುದುರಿ ನೀವು ಮತ್ತ ನೋಡೂದು ಬ್ಯಾಡ."

ಅವರಿಗೆ ಸಮಾಧಾನವಾಯಿತು. ಜೇಬಿನಿಂದ ಬೆಲ್ಲದ ಚೂರು ತೆಗೆದು, ಕುದುರೆಯ ಎಡಗಡೆಗೆ ಹೋಗಿ, ಹಿಂದಿನಿಂದ ಕುತ್ತಿಗೆಯ ಕಡೆಗೆ ಕೈ ಚಾಚಿದರು. ಬಾದಶಾನ ಎಡಗಿವಿ ಹಿಂದಕ್ಕೆ ಮಲಗಿತು. ಎಡ ಮುಂಗಾಲು ನೆಲ ಬಿಡುತ್ತಿತ್ತು.

"ಹಿಂದ ಸರೀರಿ! ಆ ಕಡೆ ಅದಕ್ಕ ಕಾಣಂಗಿಲ್ಲ!"

ನಾನು ಕೂಗಿದ್ದಕ್ಕೆ ಅವರು ಹಾರಿ ಹಿಂದೆ ಸರಿದರು. ಬೆಲ್ಲ ಕೆಳಗೆ ಬಿತ್ತು. ತಮ್ಮನ ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

"ಕಾಣಂಗಿಲ್ಲಂದ್ರ?" ಎಂದ ತಮ್ಮ. "ಯಾವಾಗಿಂದ?"

ನಾನು ಹೊರಸಿನ ಹತ್ತಿರ ಹೋಗಿ ನೆಲದ ಮೇಲೆ ಕೂತೆ. ಅವನ ಮಡಚದ ಕಾಲು ನನ್ನ ಮುಖದ ಮಟ್ಟಕ್ಕಿತ್ತು. ಚಿಕ್ಕವನ ಮುಂದೆ ಹಿರಿಯನು ಹಾಗೆ ಕೂಡುವುದು ನಮ್ಮಲ್ಲಿ ಇಲ್ಲ. ಅವನು ಎಬ್ಬಿಸಲು ನನ್ನ ಎಡಭುಜಕ್ಕೆ ಕೈ ಹಾಕಿದ, ನೋವಾಗಬಾರದೆಂದು ಮೆಲ್ಲಗೆ.

"ತಮ್ಮಾ, ನನ್ನ ಭುಜ ಒಂದು ದಿನಾನೂ ನೋಯಲಿಲ್ಲೋ" ಎಂದೆ. "ಆ ಕಡೆ ಕಾಣಂಗಿಲ್ಲಂತ ಗೊತ್ತಿದ್ದನ ನಿನ್ನ ಕೈಯಾಗ ಎಡಗಡೆ ಹಗ್ಗ ಕೊಟ್ಟೆ. ತಪ್ಪು ನಿಂದಲ್ಲ, ನಂದು. ತಪ್ಪಾತಪ್ಪಾ, ತಪ್ಪಾತು."